ಕುವೈತಿನಲ್ಲಿ ಬೆಳ್ಳಿಗೆ ಕತ್ತರಿ ಹಾಕಿದ್ದು

ಕುವೈತಿನಲ್ಲಿ ಏನೇನು ನೋಡಿದಿರಿ ಎಂದು ನಮ್ಮ ಕಡೆಯವರು ಈಗಲೂ ಕೇಳುತ್ತಾರೆ. ಪಿಂಚಣಿಗೆ ಬರುವ ಅಜ್ಜಿಯರಿಂದ ಹಿಡಿದು ಕೆಂಪಾಪುರದ ಟೀ ಅಂಗಡಿಯವನವರೆಗೆ ಎಲ್ಲರಿಗೂ ಸಮುದ್ರದ ದಂಡೆಯ ಗೋಪುರಗಳ ಸುದ್ದಿ ಬೇಕು, ಚಿನ್ನದಂಗಡಿಗಳ ಸುದ್ದಿ ಬೇಕು, ಒಂಟೆ ಹಾಲು ಕುಡಿದೆನೋ ಇಲ್ಲವೋ ತಿಳಿಯಬೇಕು. ಗೋಪುರಗಳನ್ನು ನಾನು ನೋಡಲೇ ಇಲ್ಲ. ಒಂಟೆಯನ್ನು ಹಾಲಿನ ಡಬ್ಬದ ಮೇಲಿನ ಚಿತ್ರದಲ್ಲಿ ನೋಡಿದೆ. ಹತ್ತೊಂಬತ್ತು ದಿನ ಒಂದು ನಾಯಿಯ ಮುಂದೆ ಕೂತು ಎದ್ದು ಬಂದೆ. ಬರೆಯುವುದಾದರೆ ಅದನ್ನೇ ಬರೆಯಬೇಕು, ಬೇರೇನು ಬರೆದರೂ ಸುಳ್ಳಾಗುತ್ತದೆ.

ಹೊರಡುವ ಮೊದಲು

ನಾನು ಮಾಗಡಿ ತಾಲ್ಲೂಕಿನ ಒಂದು ಸಣ್ಣ ಊರಿನ ಶಾಖಾ ಅಂಚೆ ಕಚೇರಿ ನೋಡಿಕೊಳ್ಳುವವನು. ಬೆಳಗ್ಗೆ ಅಂಚೆ, ಮಿಕ್ಕ ಹೊತ್ತು ಹೊಲ ಮತ್ತು ಕುರಿ. ತಮ್ಮ ಮಾದೇಶ ನನಗಿಂತ ಎಂಟು ವರ್ಷ ಚಿಕ್ಕವನು. ರಾಮನಗರದಲ್ಲಿ ಫ್ರಿಜ್ಜು, ಎ.ಸಿ. ರಿಪೇರಿ ಕಲಿತಿದ್ದ. ಅವನ ಹೆಂಡತಿ ಸರೋಜ ತೀರಿಕೊಂಡ ವರ್ಷವೇ ಕುವೈತಿಗೆ ಹೋದ. ಮಕ್ಕಳಿರಲಿಲ್ಲ. ಹೋದವನು ಒಂಬತ್ತು ವರ್ಷದಲ್ಲಿ ಒಂದೇ ಸಲ, ನನ್ನ ಮಗಳ ಮದುವೆಗೆ, ನೆಂಟನ ಹಾಗೆ ಬಂದು ಮೂರೇ ದಿನಕ್ಕೆ ಹೊರಟುಹೋಗಿದ್ದ.

ಹೋದ ಬೇಸಿಗೆಯಲ್ಲಿ ಅವನು ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿತು. ಮೇ ತಿಂಗಳ ಕೊನೆಗೆ ವಾಸದ ಪರವಾನಗಿ ಮುಗಿಯುತ್ತದೆ, ಎಲ್ಲರೂ ಅವರವರ ದೇಶಕ್ಕೆ ಹೋಗಬೇಕು ಎಂದಾಯಿತು. ನಮಗೆ ಒಳಗೊಳಗೇ ಸಂತೋಷ. ಬಾವಿ ಕಡೆಯ ಕೋಣೆಗೆ ಸುಣ್ಣ ಹೊಡೆಸಿದೆ. ನನ್ನ ಹೆಂಡತಿ ಮಾದೇಶನಿಗೆ ಒಂದು ಹೆಣ್ಣು ನೋಡುವ ಮಾತನ್ನೂ ಎತ್ತಿದಳು, ಮೊದಲು ಅವನು ಬಸ್ಸಿಳಿಯಲಿ ಎಂದು ಬಾಯಿ ಮುಚ್ಚಿಸಿದೆ.

ಆಗ ಫೋನ್ ಬಂತು. ಮಾಡಿದವನು ಅವನ ಜೊತೆ ಕೋಣೆಯಲ್ಲಿದ್ದ ಪೇಶಾವರದ ಕಡೆಯ ಡ್ರೈವರ್ ಗುಲ್ ಖಾನ್. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ಗೂಡು ಸುರಿದು ಹರಾಜಿಗೆ ನಿಂತವನಿಗೆ ಉರ್ದು ಅಷ್ಟಿಷ್ಟು ಬಂದೇ ಬರುತ್ತದೆ. ನಿಮ್ಮ ತಮ್ಮ ಒಂದು ನಾಯಿ ಸಾಕಿಕೊಂಡಿದ್ದಾನೆ, ಅದನ್ನು ಬಿಟ್ಟು ವಿಮಾನ ಹತ್ತುವುದಿಲ್ಲ ಎನ್ನುತ್ತಿದ್ದಾನೆ, ದೊಡ್ಡವರು ನೀವು ಬಂದು ಬುದ್ಧಿ ಹೇಳಿ ಎಂದ. ನಾಯಿಯ ಸಲುವಾಗಿ ನಾನು ಸಮುದ್ರ ದಾಟಬೇಕೇ ಎಂದು ನಗು ಬಂತು. ಆದರೂ ಮಗಳು ಓಡಾಡಿ ಕಾಗದ ಮಾಡಿಸಿದಳು. ರಜೆ ಹಾಕಿ, ಐದು ಸೇರು ರಾಗಿ ಹಿಟ್ಟು ಕಟ್ಟಿಕೊಂಡು ಹೊರಟೆ. ಅವನ ಕಿವಿ ಹಿಡಿದು ಕರೆದುಕೊಂಡು ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೋಗಿದ್ದೆ.

ಶುವೈಖ್

ವಿಮಾನ ನಿಲ್ದಾಣದ ಬಾಗಿಲು ತೆರೆದುಕೊಂಡ ಕೂಡಲೇ ಕಾದ ಹೆಂಚಿನ ಮೇಲೆ ಮುಖ ಬಗ್ಗಿಸಿದಂತಾಯಿತು. ಇದು ಇನ್ನೂ ಬಿಸಿಲಲ್ಲ, ಬಿಸಿಲು ಮುಂದೈತೆ ಎಂದ ಮಾದೇಶ. ಅವನು ಸೊರಗಿದ್ದ. ಒಂಬತ್ತು ವರ್ಷದಲ್ಲಿ ಎರಡನೇ ಸಲ ನೋಡಿದ ಅಣ್ಣನನ್ನು ಮನೆಯವರ ಬಗ್ಗೆ ಒಂದು ಮಾತು ಕೇಳಲಿಲ್ಲ. ಬೇಗ ಹೋಗೋಣ, ಅದು ಒಂದೇ ಐತೆ ಎಂದು ಟ್ಯಾಕ್ಸಿಯವನನ್ನು ಅವಸರ ಮಾಡಿದ.

ಶುವೈಖ್ ಎಂಬ ಗ್ಯಾರೇಜುಗಳ ಬಡಾವಣೆಯಲ್ಲಿ, ಟೈರಿನ ಅಂಗಡಿಯ ಮೇಲೆ ಅವರ ಕೋಣೆ. ಬಾಗಿಲು ತೆಗೆದರೆ ಎ.ಸಿ.ಯ ಕೆಳಗೆ ಒಂದು ತೋಳ ಮಲಗಿತ್ತು. ಬೂದಿ ಬಿಳುಪಿನ ಮೈ, ನನ್ನ ಬೆರಳು ಮುಳುಗುವಷ್ಟು ದಟ್ಟ ಕೂದಲು, ಒಂದು ಕಣ್ಣು ಕಂದು, ಇನ್ನೊಂದು ನೀಲಿ. ಹಿಮ ಬೀಳುವ ಸೀಮೆಯಲ್ಲಿ ಗಾಡಿ ಎಳೆಯುವ ಜಾತಿಯಂತೆ. ಯಾರೋ ದೊರೆ ಮಕ್ಕಳು ಚಂದಕ್ಕೆಂದು ಈ ಬೆಂಕಿಯೂರಿಗೆ ತರಿಸಿ, ದೇಶ ಬಿಟ್ಟು ಹೋಗುವಾಗ ಖಾಲಿ ಬಂಗಲೆಯ ಗೇಟಿಗೆ ಕಟ್ಟಿ, ಯಾರಾದರೂ ಕೊಂಡೊಯ್ಯುತ್ತಾರೆ ಎಂದು ಹೋಗಿದ್ದರು. ಆ ಬಂಗಲೆಯ ಎ.ಸಿ. ಬಿಚ್ಚಲು ಹೋದ ಮಾದೇಶ ನಾಯಿಯನ್ನು ಬಿಚ್ಚಿಕೊಂಡು ಬಂದ. ಮೂರು ದಿನದಿಂದ ನೀರಿಲ್ಲದೆ ಗೇಟನ್ನೇ ನೋಡುತ್ತ ಕೂತಿತ್ತಂತೆ. ಹೆಸರು ಬೆಳ್ಳಿ ಎಂದಿಟ್ಟಿದ್ದ.

ನಮ್ಮ ಹಟ್ಟಿಯ ನಾಯಿಗಳಿಗೆ ಹೆಸರಿದ್ದರೆ ಕರಿಯ, ಇಲ್ಲದಿದ್ದರೆ ಅದೂ ಇಲ್ಲ. ಮಿಕ್ಕ ಮುದ್ದೆಗೆ ಮಜ್ಜಿಗೆ ಹಾಕಿ ಕಲಸಿಟ್ಟರೆ ಅದೇ ಹಬ್ಬ. ಇಲ್ಲಿ ಬೆಳ್ಳಿಗೆ ದಿನವಿಡೀ ಎ.ಸಿ., ಕುಡಿಯುವ ನೀರಿಗೆ ಐಸು. ಐಸನ್ನು ಅದು ಮಕ್ಕಳು ಬೆಲ್ಲ ಕಡಿದಂತೆ ಕಡಿಯುತ್ತಿತ್ತು. ಗುಲ್ ಖಾನ್‌ಗೆ ಅದರ ಮೂತಿ ತಾಕಿದರೆ ನಮಾಜಿಗೆ ಮೊದಲು ಆ ಜಾಗವನ್ನು ಚೆನ್ನಾಗಿ ತೊಳೆದುಕೊಳ್ಳಬೇಕು. ಅದು ಅವನ ನೇಮ, ಅದಕ್ಕೆ ಅವನು ಗೊಣಗಿದ್ದನ್ನು ನಾನು ನೋಡಲಿಲ್ಲ. ಐಸು ತುಂಬಿದ ಬೋಗುಣಿಯನ್ನು ದಿನಾ ಅದರ ಮುಂದೆ ಇಡುತ್ತಿದ್ದವನೂ ಅವನೇ, ಉದ್ದದ ಕೋಲಿನಲ್ಲಿ ತಳ್ಳಿ ಇಡುತ್ತಿದ್ದ.

ನಾಯಿಗೆ ಬೂಟು

ಆ ಊರಿನಲ್ಲಿ ನಾಯಿ ಸಾಕುವುದೆಂದರೆ ಸೂರ್ಯನ ಕಣ್ಣು ತಪ್ಪಿಸಿ ಬದುಕುವುದು. ಬೆಳಕು ಹರಿಯುವ ಮುಂಚೆ ಒಂದು ಸಲ, ಹೊತ್ತು ಮುಳುಗಿ ನೆಲ ಆರಿದ ಮೇಲೆ ಒಂದು ಸಲ ಹೊರಗೆ ಕರೆದೊಯ್ಯಬೇಕು. ಹೊರಡುವ ಮೊದಲು ಮಾದೇಶ ಬಗ್ಗಿ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡುತ್ತಿದ್ದ. ಕೈ ಇಡಲಾಗದಿದ್ದರೆ ಕಾಲೂ ಇಡಲಾಗದು. ಹೊತ್ತು ತಪ್ಪಿ ಹೋಗಲೇಬೇಕಾದರೆ ನಾಲ್ಕು ಕಾಲಿಗೂ ರಬ್ಬರಿನ ಬೂಟು. ನಮ್ಮ ಕಡೆ ನಾಯಿಗೂ ಚಪ್ಪಲಿಗೂ ಎರಡೇ ಸಂಬಂಧ, ಒಂದೋ ಅದು ಕದ್ದೊಯ್ಯಬೇಕು, ಇಲ್ಲವೇ ನಾವು ಎಸೆಯಬೇಕು. ಮೊದಲ ದಿನ ಬೆಳ್ಳಿ ಬೂಟು ಹಾಕಿಕೊಂಡು ಒಂದೊಂದೇ ಕಾಲನ್ನು ಎತ್ತಿ ಇಟ್ಟು ನಡೆದದ್ದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಮಾದೇಶನೂ ನಕ್ಕ. ಅಲ್ಲಿದ್ದಷ್ಟು ದಿನದಲ್ಲಿ ಅವನು ನಕ್ಕದ್ದು ಅದೊಂದೇ ಸಲ ಎಂದು ಈಗ ನೆನಪಾಗುತ್ತದೆ.

ಬಿಟ್ಟು ಬಾ ಎಂದು ಹೇಳಲು ಹೋದವನು ನಾನು. ಆದರೆ ನಾಲ್ಕನೇ ದಿನ ಮುದ್ದೆ ಮಾಡಿದೆ. ಬೆಳ್ಳಿ ಮೂಸಿ, ನನ್ನ ಮುಖ ನೋಡಿ, ಪೂರ್ತಿ ತಿಂದು, ಬಂದು ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವತ್ತಿನಿಂದ ನಾನೂ ಅದರ ಕಡೆಯವನಾದೆ. ಊರಲ್ಲಿ ಇದನ್ನು ಎಲ್ಲಿ ಕಟ್ಟುವುದು, ಕುರಿಗಳು ಬೆದರುತ್ತವೋ ಏನೋ ಎಂದು ತಮ್ಮನ ಜೊತೆ ಚರ್ಚೆ ಶುರು ಮಾಡಿದೆ. ಅವನು ಮೊದಲ ಬಾರಿಗೆ ಊರಿನ ಬಗ್ಗೆ ಬಾಯಿ ಬಿಟ್ಟ. ಬಾವಿ ಕಡೆಯ ಕೋಣೆ ತಣ್ಣಗಿರುತ್ತದೆ ಎಂದ. ಬೇಸಿಗೆಯಲ್ಲಿ ರೇಷ್ಮೆ ಹುಳುವಿನ ಮನೆಗೆ ಒದ್ದೆ ಗೋಣಿ ತೂಗು ಹಾಕುವಂತೆ ಕಿಟಕಿಗೆ ಹಾಕಿದರಾಯಿತು ಎಂದ. ಅಣ್ಣತಮ್ಮಂದಿರು ಹಾಗೆ ಕೂತು ಮಾತಾಡಿ ಎಷ್ಟು ವರ್ಷವಾಗಿತ್ತೋ.

ಕೆಲಸವೂ ಮುಂದೆ ಹೋಯಿತು. ವಾಸ ಬಿಟ್ಟು ಕಾಯಂ ಆಗಿ ಹಿಂತಿರುಗುವವನು ತಾನು ಸಾಕಿದ ನಾಯಿಯನ್ನು ಜೊತೆಗೆ ತರಬಹುದು. ಅದಕ್ಕೆ ಅವನ ಪರವಾನಗಿ ಚಾಲ್ತಿಯಲ್ಲಿರಬೇಕು, ಹೊರಡಲು ಎರಡು ದಿನ ಇರುವಾಗ ಪಶುವೈದ್ಯರು ನಾಯಿ ಆರೋಗ್ಯವಾಗಿದೆ ಎಂದು ಸಹಿ ಹಾಕಬೇಕು. ಜೂನ್ ಬಂದರೆ ಬಿಸಿಲಿಗೆ ಹೆದರಿ ವಿಮಾನದವರು ಪ್ರಾಣಿಗಳನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಮೇ ಕೊನೆಯ ಭಾನುವಾರಕ್ಕೆ ಮೂವರಿಗೂ ಜಾಗ ಸಿಕ್ಕಿತು. ಮಾದೇಶ ಪಂಜರ ತಂದು ಕೋಣೆಯಲ್ಲಿಟ್ಟ. ಬೆಳ್ಳಿ ಅದರೊಳಗೆ ಮಲಗುವುದನ್ನು ರೂಢಿ ಮಾಡಿಸಿದ.

ಒಂದು ಸಂಜೆ ಅವನು ಬೆಳ್ಳಿಯ ಮೈ ಬಾಚುತ್ತಿದ್ದ. ಒಂದು ಬುಟ್ಟಿ ಕೂದಲು ಬಂತು. ಇಷ್ಟು ಹೊರೆ ಹೊತ್ತುಕೊಂಡು ಇದು ವಿಮಾನದ ಹೊಟ್ಟೆಯಲ್ಲಿ ಹೇಗೆ ಕೂರುತ್ತದೆ, ಕತ್ತರಿಸಬಾರದೇ ಎಂದೆ.

"ಬಾಚ್ಬೋದು ಅಣ್ಣಯ್ಯ. ಕತ್ರಿ ಮುಟ್ಟಿಸ್ಬಾರ್ದಂತೆ" ಎಂದ.

ಯಾಕೆ ಎಂದು ನಾನು ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಹುಡುಗನಾಗಿದ್ದಾಗ ಒಂದು ಟಗರಿನ ಉಣ್ಣೆ ತೆಗೆಯಲು ಹೋಗಿ ತನ್ನ ಹೆಬ್ಬೆರಳನ್ನೇ ಕೊಯ್ದುಕೊಂಡವನು, ಇವನು ನನಗೆ ಹೇಳುತ್ತಾನೆ ಎಂದುಕೊಂಡೆ. ಅಷ್ಟೇ ನಾನು ಯೋಚಿಸಿದ್ದು.

ಗುರುವಾರ

ಗುರುವಾರ ಮಾದೇಶನೂ ಗುಲ್ ಖಾನನೂ ಕಂಪನಿಯ ಸಾಮಾನು ಒಪ್ಪಿಸಲು ಬೆಳಗ್ಗೆಯೇ ಹೋದರು. ನಾನೂ ಬೆಳ್ಳಿಯೂ ಉಳಿದೆವು. ಹೊರಗೆ ಎ.ಸಿ.ಯ ಯಂತ್ರಗಳ ಸದ್ದು ಬಿಟ್ಟರೆ ಏನಿಲ್ಲ. ಬೆಳ್ಳಿ ಏದುಸಿರು ಬಿಡುತ್ತಿತ್ತು. ಆ ಮೈ ಕಂಡು ನನ್ನ ಕೈ ಸುಮ್ಮನಿರಲಿಲ್ಲ.

ನಮ್ಮಲ್ಲಿ ಬೇಸಿಗೆ ಹುಟ್ಟುವ ಮೊದಲು ಕುರಿಯ ಉಣ್ಣೆ ತೆಗೆಯದವನನ್ನು ಕಟುಕ ಎನ್ನುತ್ತಾರೆ. ಅಪ್ಪ ಕತ್ತರಿಯನ್ನು ಕಣ್ಣಿಗೊತ್ತಿಕೊಂಡು, ಭಾರ ಇಳೀಲಿ, ತಂಪಾಗ್ಲಿ ಎಂದು ಹೇಳಿಯೇ ಮೊದಲ ಕುರಿಯನ್ನು ಮಲಗಿಸುತ್ತಿದ್ದರು. ಹನ್ನೆರಡು ವರ್ಷಕ್ಕೆ ಕತ್ತರಿ ಹಿಡಿದ ಕೈ ನನ್ನದು, ಒಂದು ಗಾಯ ಮಾಡದೆ ಒಂದು ಹೊತ್ತಿಗೆ ಹದಿನೈದು ಕುರಿ ಮುಗಿಸಿದ್ದೇನೆ. ಮೂರನೇ ದಿನಕ್ಕೆ ವಿಮಾನ. ತಮ್ಮ ಬರುವಷ್ಟರಲ್ಲಿ ಮಾಡಿಟ್ಟರೆ ಅವನಿಗೂ ಸಂತೋಷ, ನಾಯಿಗೂ ಸುಖ ಎಂದು ಲೆಕ್ಕ ಹಾಕಿದೆ. ಕೆಳಗಿನ ಸಾಲಿನ ದರ್ಜಿಯಿಂದ ದೊಡ್ಡ ಕತ್ತರಿ ಕೇಳಿ ತಂದೆ. ಅದನ್ನು ನಾನೂ ಕಣ್ಣಿಗೊತ್ತಿಕೊಂಡೆ.

ಬೆಳ್ಳಿ ಮೊದಲು ಆಟ ಎಂದುಕೊಂಡಿತು. ಮಗ್ಗುಲಿಗೆ ಕೆಡವಿ ಮೊಣಕಾಲಲ್ಲಿ ಅದುಮಿದಾಗ ಹೆದರಿತು. ಕುರಿಗೆ ಮಾತಾಡಿದ ಹಾಗೆ ಅದಕ್ಕೂ ಮಾತಾಡುತ್ತ, ಸಮಾಧಾನ ಹೇಳುತ್ತ, ಒಂದು ಗೀರೂ ಬೀಳದಂತೆ ಚರ್ಮ ಕಾಣುವವರೆಗೆ ತೆಗೆದೆ. ಎದ್ದು ನಿಂತಾಗ ಅದು ಅರ್ಧವಾಗಿತ್ತು. ಗುಲಾಬಿ ಮೈ, ದೊಡ್ಡ ತಲೆ. ಇಷ್ಟು ಸಣ್ಣ ಜೀವವೇ ಒಳಗಿದ್ದದ್ದು ಎಂದು ಅಯ್ಯೋ ಎನಿಸಿತು.

ಉಣ್ಣೆ ತೆಗೆದ ಕುರಿಯನ್ನು ಮೈ ತೊಳೆದು ಬಿಸಿಲಿಗೆ ಬಿಡುವುದು ನಮ್ಮ ಪದ್ಧತಿ. ಉಣ್ಣಿ ಇದ್ದರೆ ಸಾಯುತ್ತದೆ, ಚರ್ಮ ಆರುತ್ತದೆ. ಬಕೆಟ್ಟು ನೀರು ಹೊಯ್ದು ತಾರಸಿಗೆ ಕರೆದುಕೊಂಡು ಹೋದೆ. ಆಗ ಹತ್ತು ಗಂಟೆ ಇರಬಹುದು. ಕಾಲಿಗೆ ಬೂಟು ಹಾಕುವುದನ್ನು ಮರೆಯಲಿಲ್ಲ. ಕಂಬಿಗೆ ಕಟ್ಟಿ ನೀರಿನ ಟ್ಯಾಂಕಿನ ನೆರಳಲ್ಲಿ ನಾನು ಕೂತೆ. ಅದು ಬಾಗಿಲ ಕಡೆಗೆ ಜಗ್ಗುತ್ತಿತ್ತು. ಹೊಸದಾಗಿ ಉಣ್ಣೆ ಕಳೆದುಕೊಂಡ ಕುರಿಯೂ ಹೀಗೇ ನಾಚಿಕೊಂಡು ಜಗ್ಗುತ್ತದೆ, ಅಭ್ಯಾಸವಾಗಲಿ ಎಂದು ಬಿಟ್ಟೆ. ಅರ್ಧ ಗಂಟೆಯೂ ಇರಲಿಲ್ಲ. ಆಮೇಲೆ ಅದು ಜಗ್ಗುವುದನ್ನು ನಿಲ್ಲಿಸಿ ಮಲಗಿತು. ಪಳಗಿತು ಎಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೆ.

ಎಬ್ಬಿಸಲು ಹೋದರೆ ಏಳಲಿಲ್ಲ. ಬೆನ್ನು ಕೆಂಪಗೆ ಬೆಂದಿತ್ತು. ನಾಲಗೆ ದಪ್ಪಗಾಗಿ ಹೊರಗೆ ಬಿದ್ದಿತ್ತು. ಎತ್ತಿಕೊಂಡು ಮೆಟ್ಟಿಲಿಳಿದೆ. ಆ ಮೈಯ ಕಾವು ನನ್ನ ಅಂಗಿಯೊಳಕ್ಕೆ ಇಳಿಯಿತು.

ಮಧ್ಯಾಹ್ನ ಇಬ್ಬರೂ ಬಂದರು. ಮಾದೇಶ ಬಾಗಿಲಲ್ಲಿ ನಿಂತು ನೆಲದ ಮೇಲಿನ ಕೂದಲ ರಾಶಿಯನ್ನು ನೋಡಿದ, ಬೆಳ್ಳಿಯನ್ನು ನೋಡಿದ. ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ.

"ಹೇಳಿದ್ನಲ್ಲಣ್ಣಯ್ಯ" ಎಂದ, ಅಷ್ಟೇ.

ಒದ್ದೆ ಬಟ್ಟೆ ತರಲು ಓಡಿದ. ಗುಲ್ ಖಾನ್ ತನ್ನ ಟವೆಲ್ಲನ್ನು ಐಸಿನ ನೀರಿನಲ್ಲಿ ಅದ್ದಿ, ಎರಡೂ ಕೈಯಲ್ಲಿ ಬೆಳ್ಳಿಯ ಬೆನ್ನಿಗೆ ಹಿಡಿದುಕೊಂಡು ಕೂತ. ಸಂಜೆಯ ನಮಾಜಿನ ಕರೆ ಬರುವವರೆಗೂ ಕೈ ತೆಗೆಯಲಿಲ್ಲ. ನಾನು ಏನೋ ಕೇಳಲು ಬಾಯಿ ತೆರೆದೆ. ನನ್ನ ದನಿ ಕೇಳಿದ ಬೆಳ್ಳಿ ಏಳಲಾಗದಿದ್ದರೂ ತೆವಳಿಕೊಂಡು ಮಂಚದ ಕೆಳಗೆ ಹೋಯಿತು.

ಡಾಕ್ಟರಮ್ಮನ ಮೇಜು

ಮರುದಿನ ಬೆಳ್ಳಿಯನ್ನು ನೋಡಿದ ಪಶುವೈದ್ಯೆ ಹೈದರಾಬಾದಿನ ಕಡೆಯವರು, ಅದೃಷ್ಟಕ್ಕೆ ಮಾತು ತಿಳಿಯುತ್ತಿತ್ತು. ಅದೃಷ್ಟ ಎಂದೇಕೆ ಬರೆದೆನೋ, ತಿಳಿಯದಿದ್ದರೆ ಚೆನ್ನಾಗಿತ್ತು. ಈ ಜಾತಿಗೆ ಎರಡು ಪದರ ಕೂದಲು ಎಂದರು. ಮೇಲಿನದು ಬಿಸಿಲನ್ನು ತಡೆಯುತ್ತದೆ, ಒಳಗಿನದು ಹೊರಗಿನ ಕಾವನ್ನು ಮೈಗೆ ಬಿಡುವುದಿಲ್ಲ. ಚಳಿಗೆ ಕಂಬಳಿಯಾದದ್ದೇ ಬಿಸಿಲಿಗೆ ಕೊಡೆ. ಕುರಿಯಲ್ಲ ಇದು ಎಂದರು. ಕುರಿಯ ಲೆಕ್ಕ ಅವರಿಗೆ ಹೇಗೆ ತಿಳಿಯಿತೋ, ಬಹುಶಃ ಮಾದೇಶ ಹೇಳಿರಬೇಕು.

ಸಹಿ ಹಾಕಲು ಅವರು ಒಪ್ಪಲಿಲ್ಲ. ನಾನು ನಾಚಿಕೆ ಬಿಟ್ಟು ಬೇಡಿಕೊಂಡೆ. ತಪ್ಪು ನನ್ನದು, ನಾಯಿ ಬರದಿದ್ದರೆ ತಮ್ಮ ಬರುವುದಿಲ್ಲ, ಹೆಂಡತಿ ಸತ್ತ ಮೇಲೆ ಅವನಿಗೆ ಊರೇ ಬೇಡವಾಗಿತ್ತು, ಈಗ ಬರಲು ಮನಸ್ಸು ಮಾಡಿದ್ದಾನೆ ಎಂದೆಲ್ಲ ಹೇಳಿದೆ. ಆಕೆ ಕಟುಕಿಯಲ್ಲ, ಕೂತು ಪೂರ್ತಿ ಕೇಳಿದರು. ಆಮೇಲೆ, ಸುಟ್ಟ ಚರ್ಮದ, ಕಾವು ಹತ್ತಿದ ಜೀವವನ್ನು ಪಂಜರದಲ್ಲಿಟ್ಟು ಕಳಿಸಿದರೆ ಬೆಂಗಳೂರಿನಲ್ಲಿ ನೀವು ಹೆಣ ಇಳಿಸಿಕೊಳ್ಳುತ್ತೀರಿ, ಅದಕ್ಕೆ ನಾನು ರುಜು ಹಾಕಲೇ ಎಂದು ಕೇಳಿದರು. ಕೂದಲು ಬೆಳೆಯಲು ತಿಂಗಳುಗಳು ಬೇಕು, ಮೊದಲಿನಂತೆ ಬಂದರೆ ಬಂತು, ಬಾರದೆಯೂ ಇರಬಹುದು ಎಂದರು.

ಹೊರಗೆ ಬಂದು ಮಾದೇಶನ ಕೈ ಹಿಡಿದುಕೊಂಡೆ. ಇಲ್ಲಿಯೇ ಸಾಕುವ ಕಡೆ ಬಿಡೋಣ, ಚಳಿಗಾಲಕ್ಕೆ ತರಿಸಿಕೊಳ್ಳೋಣ, ಡಾಕ್ಟರಮ್ಮನನ್ನೇ ಇರಿಸಿಕೊಳ್ಳಲು ಕೇಳೋಣ, ಈಗ ನೀನು ಬಾ ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನೀನು ಬೇಕೂಂತ ಮಾಡ್ಲಿಲ್ಲ ಕಣಣ್ಣಯ್ಯ, ನಂಗೊತ್ತೈತೆ. ಆದ್ರೆ ಯಾರೋ ಬತ್ತಾರೆ ಅಂತ ಅದು ಒಂದ್ಸಲ ಗೇಟ್ ಕಾಯ್ಕಂಡು ಕೂತಿತ್ತು. ಇನ್ನೊಂದ್ಸಲ ಕೂರ್ಸಾಕೆ ನನ್ ಕೈಲಾಗಾಕಿಲ್ಲ. ನೀನು ಹೋಗು."

ಮನುಷ್ಯರಿಗಿಂತ ನಾಯಿ ಹೆಚ್ಚಾಯಿತೇ ಎಂದು ಕೇಳಿಬಿಟ್ಟೆ. ಅಷ್ಟಾದ ಮೇಲೂ ನನ್ನ ದೊಡ್ಡಸ್ತಿಕೆ ಹೋಗಿರಲಿಲ್ಲ ನೋಡಿ. ಅವನು ಬೆಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಟ್ಯಾಕ್ಸಿಗೆ ಕೈ ತೋರಿಸಿದ. ಮೂರು ಟ್ಯಾಕ್ಸಿಯವರು ನಾಯಿ ಕಂಡು ನಿಲ್ಲಿಸದೆ ಹೋದರು. ನಾಲ್ಕನೆಯವನು ಹತ್ತಿಸಿಕೊಂಡ.

ಭಾನುವಾರ, ವಿಮಾನ ನಿಲ್ದಾಣ

ನನ್ನನ್ನು ಬಿಡಲು ಬಂದವನು ಗುಲ್ ಖಾನ್. ಮಾದೇಶ ಮೆಟ್ಟಿಲವರೆಗೆ ಬಂದು ಕಾಲಿಗೆ ನಮಸ್ಕಾರ ಮಾಡಿದ, ಬೆಳ್ಳಿಯ ಮೇಲಿನ ಒದ್ದೆ ಬಟ್ಟೆ ಒಣಗುತ್ತದೆ ಎಂದು ತಿರುಗಿ ಹೋದ. ಎರಡು ದಿನ ಬಿಟ್ಟು ಗುಲ್ ಖಾನನೂ ಪೇಶಾವರಕ್ಕೆ ಹೋಗುವವನಿದ್ದ. ದಾರಿಯಲ್ಲಿ ಅವನು ತನ್ನ ಊರಿನ ದುಂಬಾ ಕುರಿಗಳ ಬಗ್ಗೆ ಹೇಳಿದ. ದಪ್ಪ ಬಾಲದ ಜಾತಿಯಂತೆ. ನಾವೂ ಬೇಸಿಗೆಗೆ ಮೊದಲು ಉಣ್ಣೆ ತೆಗೆಯುತ್ತೇವೆ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದ. ಸಮಾಧಾನಕ್ಕೆ ಹೇಳಿದ ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಒಂಬತ್ತು ತಿಂಗಳು ಆ ನಾಯಿಯ ಜೊತೆಗಿದ್ದವನು, ಕತ್ತರಿ ಮುಟ್ಟಿಸಬಾರದು ಎಂಬುದು ಅವನಿಗೂ ತಿಳಿದಿತ್ತು.

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಗಗನಸಖಿ ಬಂದು ಬೇಕಿದ್ದರೆ ಕಾಲು ಚಾಚಿ ಕೂರಬಹುದು ಎಂದಳು. ಅದರ ಮೇಲೆ ಚೀಲ ಇಟ್ಟುಕೊಂಡು ಕೂತೆ.

ಊರು

ಬಸ್ಸಿಳಿದಾಗ ಮನೆಯವರೆಲ್ಲ ನನ್ನ ಹಿಂದೆ ನೋಡಿದರು. ಆಗದ ಕೆಲಸಕ್ಕೆ ಕಾರಣ ಹುಡುಕುವುದು ನಮ್ಮವರಿಗೆ ಕಷ್ಟವಲ್ಲ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದರು ಅಕ್ಕಪಕ್ಕದವರು. ದೈವಕ್ಕೆ ಇದರಲ್ಲಿ ಪಾಲಿಲ್ಲ, ಬಗೆದದ್ದೂ ಮಾಡಿದ್ದೂ ನಾನೇ. ಹಾಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹೋಗಲಿ ಬಿಡು, ನಾಯಿ ತಾನೆ ಎನ್ನುತ್ತಾರೆ.

ಮಾದೇಶನ ಪರವಾನಗಿ ಮುಗಿಯಿತು. ಈಗ ಅವನು ಕಾಗದವಿಲ್ಲದ ಮನುಷ್ಯ, ಯಾವುದೋ ಬೇರೆ ಕೋಣೆಯಲ್ಲಿದ್ದಾನೆ. ಕಂಡವರ ಎ.ಸಿ. ಕದ್ದುಮುಚ್ಚಿ ರಿಪೇರಿ ಮಾಡುತ್ತಾನೆ. ಅವನ ಕಾಗದವಿಲ್ಲದೆ ಬೆಳ್ಳಿಯ ಕಾಗದ ಆಗುವುದಿಲ್ಲ, ಚಳಿಗಾಲ ಬಂದು ಹೋದರೂ ಆಗಲಿಲ್ಲ. ಸಿಕ್ಕಿಬಿದ್ದರೆ ಅವನೊಬ್ಬನನ್ನು ವಿಮಾನ ಹತ್ತಿಸುತ್ತಾರೆ, ಅದಕ್ಕೆ ಅವನು ಹಗಲು ಹೊರಗೆ ಕಾಣಿಸಿಕೊಳ್ಳುವುದಿಲ್ಲ. ನಾಯಿಯ ಹಾಗೆ ಅವನೂ ಈಗ ಬೆಳಕು ಹರಿಯುವ ಮೊದಲು ಒಂದು ಸಲ, ಹೊತ್ತು ಮುಳುಗಿದ ಮೇಲೆ ಒಂದು ಸಲ ಹೊರಗೆ ಹೋಗುತ್ತಾನೆ.

ಮೊದಮೊದಲು ಭಾನುವಾರ ಫೋನ್ ಮಾಡಿದರೆ ಬೆಳ್ಳಿಯನ್ನು ತೋರಿಸುತ್ತಿದ್ದ. ಗಾಯ ಮಾಗಿತ್ತು. ಕೂದಲು ಅಲ್ಲಲ್ಲಿ ತೇಪೆ ಹಾಕಿದಂತೆ ಬಂದಿತ್ತು, ಬೆನ್ನ ಮೇಲೆ ಬಂದೇ ಇರಲಿಲ್ಲ. ತನ್ನ ಮುಖ ತೋರಿಸುತ್ತಿರಲಿಲ್ಲ. ನಾನು ಹೇಗಿದ್ದೀಯಾ, ಏನು ಉಂಡೆ ಎಂದು ಮಾತು ಶುರು ಮಾಡಿದರೆ ಫೋನಿನಲ್ಲಿ ಬರಿಯ ನೆಲ ಕಾಣುತ್ತಿತ್ತು. ಅದು ಯಾಕೆ ಎಂದು ನಾಲ್ಕೈದು ವಾರ ನನಗೆ ತಿಳಿಯಲಿಲ್ಲ. ಒಂದು ಭಾನುವಾರ ಅವನೇ ಹೇಳಿದ.

"ಅಣ್ಣಯ್ಯ, ಬೇಜಾರ್ ಮಾಡ್ಕಬ್ಯಾಡ. ನೀನು ಒಸಿ ಮಾತಾಡ್ದೆ ಇದ್ಬುಡು. ನಿನ್ ದನಿ ಕೇಳುದ್ರೆ ಅದು ಮಂಚದ ಕೆಳಕ್ಕೆ ಹೋಯ್ತದೆ, ಎರಡು ದಿವ್ಸ ಹೊರಕ್ಕೆ ಬರಾಕಿಲ್ಲ."

ಈಗಲೂ ಭಾನುವಾರ ಫೋನ್ ಮಾಡುತ್ತೇನೆ. ಅವನು ಎತ್ತುತ್ತಾನೆ. ನಾನು ಮಾತಾಡುವುದಿಲ್ಲ, ಅವನೂ ಆಡುವುದಿಲ್ಲ. ಎ.ಸಿ.ಯ ಸದ್ದು ಕೇಳಿಸುತ್ತದೆ, ಒಮ್ಮೊಮ್ಮೆ ಅವನು ಕೆಮ್ಮಿದ್ದು ಕೇಳಿಸುತ್ತದೆ. ಅವನು ಇಡುವವರೆಗೆ ಕಿವಿಗೆ ಹಿಡಿದುಕೊಂಡು ಕೂತಿರುತ್ತೇನೆ.